ಮ್ಯೂಸಿಯಂಗೆ ಮೊದಲು ಮೀನು ಮಾರ್ಕೆಟ್: ನಮ್ಮ ಕರಾವಳಿಯ ಮಕ್ಕಳಿಗೆ ಜೀವವೈವಿಧ್ಯ ತೋರಿಸುವ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಬಂತು ಅಂದರೆ ಉತ್ತರ ಕನ್ನಡದ ಶಾಲೆಗಳಿಂದ ಮೈಸೂರಿಗೆ ಬಸ್ಸು ಹೊರಡುತ್ತದೆ. ಅರಮನೆ, ಚಾಮುಂಡಿ ಬೆಟ್ಟ, ಝೂ, ಸಂಜೆಗೆ ಬೃಂದಾವನ. ಝೂ ಹತ್ತಿರವೇ, ಕಾರಂಜಿ ಕೆರೆಯ ದಂಡೆಯಲ್ಲಿ, ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಇದೆ. 1995ರಲ್ಲಿ ಶುರುವಾದದ್ದು. ಅಲ್ಲಿ ನಿಲ್ಲದೇ ಹೋಗುವ ಬಸ್ಸುಗಳೇ ಜಾಸ್ತಿ. ನಿಂತರೂ ಇಪ್ಪತ್ತು ನಿಮಿಷ.

ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಕಾರವಾರದಿಂದ ಹೈಸ್ಕೂಲಿನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಸಾಲಾಗಿ ಒಳಗೆ ಬಿಟ್ಟೆವು, ಸಾಲಾಗಿ ಹೊರಗೆ ಕರೆದೆವು. ಬಸ್ಸಿನಲ್ಲಿ ಏನು ನೋಡಿದಿರಿ ಎಂದು ಕೇಳಿದೆ. ಒಳಗೆ ತಂಪಿತ್ತು ಅಂದರು. ಪಶ್ಚಿಮ ಘಟ್ಟದ ಕಾಡಿನ ವಿಷಯ ಒಬ್ಬರಿಗೂ ನೆನಪಿರಲಿಲ್ಲ. ಅದೇ ಘಟ್ಟದ ಬುಡದಲ್ಲಿ ಅವರ ಮನೆಗಳಿವೆ. ಆ ರಾತ್ರಿ ನನಗೆ ಬಹಳ ಬೇಸರವಾಯಿತು.

ಆಮೇಲೆ ಕ್ರಮ ಬದಲಾಯಿಸಿದೆ. ಮೊದಲು ನಮ್ಮೂರಿನ ಮೀನು, ಕೆಸರು, ಕಾಡು. ಕೊನೆಗೆ ಮ್ಯೂಸಿಯಂ. ಹೀಗೆ ಹೋದ ಮಗು ಗಾಜಿನ ಮುಂದೆ ನಿಂತಾಗ ಗುರುತು ಹಿಡಿಯುತ್ತದೆ. ಗುರುತು ಸಿಕ್ಕ ಮಗು ತಾನಾಗಿಯೇ ನಿಲ್ಲುತ್ತದೆ, ಓದುತ್ತದೆ, ಕೇಳುತ್ತದೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಮೇಷ್ಟ್ರುಗಳಿಗೂ ಆಗುತ್ತದೆ, ಅಪ್ಪ ಅಮ್ಮಂದಿರಿಗೂ ಆಗುತ್ತದೆ.

ಹಂತ 1: ದಿನ ಗೊತ್ತು ಮಾಡುವಾಗ ಕಡಲನ್ನೂ ಕೇಳಿ

ಊರಿನ ಸುತ್ತಾಟಕ್ಕೆ ಒಂದು ಪೂರ್ತಿ ದಿನ ಬೇಕು. ಜೂನ್, ಜುಲೈ ಬೇಡ. ಆ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಮಾರ್ಕೆಟ್ಟಿನಲ್ಲಿ ಮೀನಿನ ಬಗೆ ಕಡಿಮೆ. ಮಳೆಯೂ ಜೋರು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ದಿನ ಆರಿಸುವಾಗ ಭರತ ಇಳಿತದ ಹೊತ್ತು ನೋಡಿಕೊಳ್ಳಿ. ಇಳಿತದಲ್ಲಿ ಹೋದರೆ ಮಾತ್ರ ಕೆಸರು ಕಾಣುತ್ತದೆ. ಕೆಸರು ಕಂಡರೆ ಮಾತ್ರ ಅದರೊಳಗಿನ ಜೀವ ಕಾಣುತ್ತದೆ. ನಮ್ಮ ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಏರಿಕೆಗೂ ಇಳಿಕೆಗೂ ನಡುವೆ ಸುಮಾರು ಆರು ತಾಸು. ಇವತ್ತು ಹತ್ತು ಗಂಟೆಗೆ ಇಳಿತ ಇದ್ದರೆ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಮೊಬೈಲಿನಲ್ಲಿ ಕಾರವಾರದ ಪಟ್ಟಿ ಸಿಗುತ್ತದೆ. ಆದರೂ ಹಿಂದಿನ ದಿನ ಒಬ್ಬ ಮೀನುಗಾರರನ್ನು ಕೇಳಿ. ಅವರು ಹೇಳುವ ಹೊತ್ತು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಯಾವ ದಂಡೆಯಲ್ಲಿ ಕಾಲು ಹುಗಿಯುತ್ತದೆ ಎಂಬುದನ್ನೂ ಸೇರಿಸಿ ಹೇಳುತ್ತಾರೆ.

ಹಂತ 2: ಬೆಳಿಗ್ಗೆ ಮೀನು ಮಾರ್ಕೆಟ್

ಇದು ನಮ್ಮ ಮೊದಲ ಪ್ರದರ್ಶನ. ಟಿಕೆಟ್ ಇಲ್ಲ, ದಿನವೂ ಹೊಸದು. ಮಕ್ಕಳನ್ನು ಐದೈದು ಜನರ ಗುಂಪು ಮಾಡಿ ಒಳಗೆ ಬಿಡಿ. ಒಮ್ಮೆಲೇ ನಲವತ್ತು ಜನ ನುಗ್ಗಿದರೆ ವ್ಯಾಪಾರಕ್ಕೆ ತೊಂದರೆ. ನನ್ನನ್ನು ಒಬ್ಬ ಅಕ್ಕ ಕೇಳಿದ್ದರು: "ತಕಂಡು ಹೋಗ್ತೀರೋ ಮಾಸ್ತರ್ರೆ, ಸುಮ್ನೆ ನೋಡೂಕೆ ಬಂದದ್ದೋ?" ಅವತ್ತಿನಿಂದ ಹೋದಾಗಲೆಲ್ಲ ಒಂದು ಪಾಲು ಬಂಗಡೆ ಕೊಳ್ಳುತ್ತೇನೆ. ಕೊಂಡ ಮೇಲೆ ಅವರೇ ಮೀನಿನ ಬಾಯಿ ಅಗಲಿಸಿ, ಕಿವಿರು ಎತ್ತಿ ತೋರಿಸುತ್ತಾರೆ. ಅವರಷ್ಟು ಚೆನ್ನಾಗಿ ಕಲಿಸುವುದು ನನಗೆ ಬರುವುದಿಲ್ಲ.

ಮೂರು ಮೀನು ಸಾಕು. ಹೆಚ್ಚಿಗೆ ತೋರಿಸಿದರೆ ಎಲ್ಲವೂ ಕಲಸಿಹೋಗುತ್ತದೆ.

ಮೊದಲು ಬಂಗಡೆ. ಬೆನ್ನು ಹಸಿರು ನೀಲಿ, ಹೊಟ್ಟೆ ಬೆಳ್ಳಿ. ಮೇಲಿನಿಂದ ನೋಡುವ ಹಕ್ಕಿಗೆ ಬೆನ್ನು ನೀರಿನ ಬಣ್ಣದಲ್ಲಿ ಕಲೆಯುತ್ತದೆ. ಕೆಳಗಿನಿಂದ ನೋಡುವ ದೊಡ್ಡ ಮೀನಿಗೆ ಹೊಟ್ಟೆ ಆಕಾಶದ ಬೆಳಕಿನಲ್ಲಿ ಕಲೆಯುತ್ತದೆ. ಈ ಬಣ್ಣವನ್ನು ಮಕ್ಕಳು ಪುಸ್ತಕದಲ್ಲಿ ಬರೆದುಕೊಳ್ಳಲಿ. ಮುಂದೆ ಇದು ಬೇಕಾಗುತ್ತದೆ.

ಎರಡನೆಯದು ಮೋರಿ, ಅಂದರೆ ಸಣ್ಣ ಶಾರ್ಕ್. ಬಂಗಡೆಯ ಕಿವಿರಿಗೆ ಮುಚ್ಚಳ ಇದೆ. ಮೋರಿಗೆ ಮುಚ್ಚಳ ಇಲ್ಲ, ಪಕ್ಕದಲ್ಲಿ ಸೀಳುಗಳು. ಎಣಿಸಲು ಹೇಳಿ, ಸಾಮಾನ್ಯವಾಗಿ ಐದು. ಅದರ ಒಳಗೆ ಗಟ್ಟಿ ಮೂಳೆ ಇಲ್ಲ, ನಮ್ಮ ಕಿವಿಯಂಥ ಮೆದುಮೂಳೆ. ತೊರಕೆ ಎಂಬ ಅಗಲ ಚಪ್ಪಟೆ ಮೀನು ಸಿಕ್ಕರೆ ತಿರುಗಿಸಿ ನೋಡಿ. ಸೀಳುಗಳು ಹೊಟ್ಟೆಯ ಕಡೆ ಇರುತ್ತವೆ. ಎರಡೂ ಒಂದೇ ಬಳಗ.

ಮೂರನೆಯದು ಲೆಪ್ಪೊ, ನಾಲಿಗೆಯ ಹಾಗೆ ಚಪ್ಪಟೆ ಮೀನು. ಎರಡೂ ಕಣ್ಣು ಒಂದೇ ಮಗ್ಗುಲಲ್ಲಿ. ಮರಿಯಾಗಿದ್ದಾಗ ಬೇರೆ ಮೀನುಗಳ ಹಾಗೆ ಆಚೆಗೊಂದು ಈಚೆಗೊಂದು ಕಣ್ಣು ಇರುತ್ತದೆ. ಬೆಳೆಯುತ್ತಾ ಒಂದು ಕಣ್ಣು ತಲೆ ದಾಟಿ ಇನ್ನೊಂದರ ಪಕ್ಕಕ್ಕೆ ಬರುತ್ತದೆ. ಆಮೇಲೆ ಅದು ಮರಳಿನ ಮೇಲೆ ಮಲಗಿಯೇ ಬದುಕುತ್ತದೆ. ಮನೆಯಲ್ಲಿ ನೂರು ಸಲ ತಿಂದ ಮಕ್ಕಳೂ ಇದನ್ನು ಕೇಳಿ ಬೆರಗಾಗುತ್ತಾರೆ.

ಘಟ್ಟದ ಮೇಲಿನ ಶಾಲೆಯವರಾಗಿದ್ದರೆ ಮೀನು ತಿನ್ನದ ಮಕ್ಕಳು ಇರುತ್ತಾರೆ. ಮೂಗು ಮುಚ್ಚಿಕೊಂಡರೆ ಗದರಿಸಬೇಡಿ. ಹೊರಗೆ ನಿಂತು ದೋಣಿ, ಬಲೆ ನೋಡಿ ಬರೆದುಕೊಳ್ಳಲಿ. ನಾನೂ ಸಿದ್ದಾಪುರದ ಅಡಿಕೆ ತೋಟದಿಂದ ಬಂದವನು. ಹೊಂದಿಕೊಳ್ಳಲು ನನಗೂ ಸಮಯ ಬೇಕಾಯಿತು.

ಹಂತ 3: ಇಳಿತಕ್ಕೆ ಕಾಂಡ್ಲಾ ಕಾಡು

ಕಾಂಡ್ಲಾ ಅಂದರೆ ನದಿ ಕಡಲು ಸೇರುವ ಕಡೆ ಉಪ್ಪು ಕೆಸರಿನಲ್ಲಿ ಬೆಳೆಯುವ ಮರಗಳು, ಮ್ಯಾಂಗ್ರೋವ್. ಕಾರವಾರದವರಿಗೆ ಕಾಳಿ ನದಿಯ ಕಾಂಡ್ಲಾ ಹತ್ತಿರ. ಅರಣ್ಯ ಇಲಾಖೆ ಮಾಡಿದ ಮರದ ನಡಿಗೆ ಹಾದಿ ಇದೆ. ಹೊನ್ನಾವರದವರಿಗೆ ಶರಾವತಿ ಹಿನ್ನೀರಿನಲ್ಲಿ ಅಂಥದ್ದೇ ಹಾದಿ ಇದೆ. ಕುಮಟಾದವರು ಅಘನಾಶಿನಿ ದಂಡೆಗೆ ಹೋಗಬಹುದು.

ಹಾದಿ ಮೇಲೆ ನಿಂತ ಕೂಡಲೇ ವಿವರಣೆ ಶುರು ಮಾಡಬೇಡಿ. ಐದು ನಿಮಿಷ ಎಲ್ಲರೂ ಮಾತಿಲ್ಲದೆ ನಿಲ್ಲಿ. ಹೆಜ್ಜೆ ಸದ್ದಿಗೆ ಒಳಗೆ ಹೋದ ಏಡಿಗಳು ನಿಧಾನ ಹೊರಗೆ ಬರುತ್ತವೆ. ಒಂದು ಕೊಂಬು ಮಾತ್ರ ದೊಡ್ಡದಾಗಿ, ಅದನ್ನು ಬೀಸುತ್ತಾ ಇರುವುದು ಗಂಡು. ನೀರಂಚಿನಲ್ಲಿ ಕುಪ್ಪಳಿಸುವ ಸಣ್ಣ ಮೀನು ಕಾಣಬಹುದು. ಅದು ಚರ್ಮ ಒದ್ದೆ ಇರುವ ತನಕ ನೀರಿನ ಹೊರಗೂ ಉಸಿರಾಡುತ್ತದೆ.

ಆಮೇಲೆ ಬೇರು ತೋರಿಸಿ. ಇಡೀ ದಿನದ ಮುಖ್ಯ ಪಾಠ ಇದೇ. ಬೇರಿಗೂ ಗಾಳಿ ಬೇಕು. ತೋಟದ ಮಣ್ಣಿನಲ್ಲಿ ಕಣಗಳ ನಡುವೆ ಗಾಳಿ ಇರುತ್ತದೆ. ಕಾಂಡ್ಲಾ ನಿಂತ ಕೆಸರಿನಲ್ಲಿ ಗಾಳಿ ಇಲ್ಲ. ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಅದೇ ಗುರುತು. ಹಾಗಾಗಿ ಮರಗಳು ಬೇರನ್ನೇ ಮೇಲಕ್ಕೆ ತಂದಿವೆ. ಕೆಲವು ಮರ ಊರುಗೋಲಿನ ಹಾಗೆ ಕಾಂಡದಿಂದ ಬೇರು ಇಳಿಸಿವೆ. ಇನ್ನು ಕೆಲವು ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಸಾಲು ಬೇರು ಎಬ್ಬಿಸಿವೆ. ಇಳಿತದಲ್ಲಿ ಆ ಬೇರುಗಳು ಗಾಳಿ ತೆಗೆದುಕೊಳ್ಳುತ್ತವೆ. ಪೆನ್ಸಿಲ್ ಬೇರಿನ ಮರದ ಎಲೆಯನ್ನು ಬೆರಳಿನಿಂದ ಸವರಿ ನಾಲಿಗೆಗೆ ಮುಟ್ಟಿಸಿ. ಉಪ್ಪು! ಹೆಚ್ಚಾದ ಉಪ್ಪನ್ನು ಅದು ಎಲೆಯಿಂದ ಹೊರಗೆ ಹಾಕುತ್ತದೆ.

ಬೀಜವನ್ನೂ ನೋಡಿ. ಊರುಗೋಲು ಬೇರಿನ ಕಾಂಡ್ಲಾದ ಬೀಜ ಮರದ ಮೇಲೇ ಮೊಳೆತು, ನುಗ್ಗೆಕಾಯಿ ಹಾಗೆ ಉದ್ದಕ್ಕೆ ಜೋತು ಬಿದ್ದಿರುತ್ತದೆ. ಬಿದ್ದಾಗ ಕೆಸರು ಸಿಕ್ಕರೆ ಅಲ್ಲೇ ನೆಟ್ಟುಕೊಳ್ಳುತ್ತದೆ, ನೀರಿದ್ದರೆ ತೇಲಿ ಇನ್ನೊಂದು ದಂಡೆ ಸೇರುತ್ತದೆ.

ಅಘನಾಶಿನಿಗೆ ಹೋದವರು ಇನ್ನೂ ಎರಡು ಸಂಗತಿ ಹೇಳಿ. ಈ ನದಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿ ಹತ್ತಿರ ಕಡಲು ಸೇರುತ್ತದೆ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಹೀಗೆ ಅಣೆಕಟ್ಟುಗಳ ಸಾಲೇ ಇದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಸಿಹಿನೀರು ಮತ್ತು ಉಪ್ಪುನೀರು ಋತುವಿಗೆ ತಕ್ಕ ಹಾಗೆ ತಾವೇ ಬೆರೆಯುತ್ತವೆ. ಇಳಿತದಲ್ಲಿ ಹೆಂಗಸರು ಬಳಚು ಎಂಬ ಚಿಪ್ಪುಜೀವಿ ಆರಿಸುವುದು, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವುದು ಎಲ್ಲ ಈ ಬೆರಕೆ ನೀರನ್ನೇ ನಂಬಿಕೊಂಡಿವೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳಲ್ಲಿ ಒಂದು. ಬಳಚು ಆರಿಸುವ ಮನೆಯ ಮಗು ನಿಮ್ಮ ತರಗತಿಯಲ್ಲಿದ್ದರೆ ಅವತ್ತು ಅದೇ ಮುಂದೆ ನಿಂತು ಹೇಳಲಿ.

ಹಂತ 4: ಕೋಡಿಬಾಗದ ಗಾಜಿನ ಬಾಟಲಿಗಳು

ಮಧ್ಯಾಹ್ನಕ್ಕೆ ಮೊದಲ ನಿಜವಾದ ಮ್ಯೂಸಿಯಂ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಪಾಠಕ್ಕಾಗಿ ಕೂಡಿಟ್ಟ ಕಡಲ ಜೀವಿಗಳ ಸಂಗ್ರಹ ಅವರಲ್ಲಿದೆ. ಅದು ಓದುವವರ ಜಾಗ, ಪ್ರವಾಸಿ ತಾಣ ಅಲ್ಲ. ಶಾಲೆಯ ಪತ್ರ ಕೊಟ್ಟು, ಮೊದಲೇ ಅನುಮತಿ ಕೇಳಿ. ಪರೀಕ್ಷೆಯ ದಿನಗಳನ್ನು ಬಿಡಿ. ಟಾಗೋರ್ ಕಡಲತೀರದ ಯುದ್ಧನೌಕೆ ಮ್ಯೂಸಿಯಂ ಮಕ್ಕಳಿಗೆ ತುಂಬ ಇಷ್ಟ, ಆದರೆ ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಒಂದೇ ದಿನ ಎರಡೂ ಬೇಡ.

ಬಾಟಲಿಯಲ್ಲಿಟ್ಟ ಮೀನು ನೋಡಿದ ಕೂಡಲೇ ಬೆಳಗಿನ ಪುಸ್ತಕ ತೆಗೆಸಿ. ಬಂಗಡೆಯ ಹಸಿರು ನೀಲಿ ಎಲ್ಲಿ ಹೋಯಿತು? ಕೊಳೆಯದಂತೆ ಇಡಲು ಫಾರ್ಮಾಲಿನ್ ಅಥವಾ ಆಲ್ಕೋಹಾಲ್ ಬಳಸುತ್ತಾರೆ. ಆಕಾರ ಉಳಿಯುತ್ತದೆ, ಬಣ್ಣ ಹೋಗುತ್ತದೆ. ಮಾರ್ಕೆಟ್ ನೋಡದೆ ಬಂದ ಮಗು ಮೀನು ಇರುವುದೇ ಹೀಗೆ ಬಿಳಿಚಿಕೊಂಡು ಎಂದುಕೊಳ್ಳುತ್ತದೆ. ನಮ್ಮ ಮಕ್ಕಳು ಹಾಗೆ ಮೋಸಹೋಗುವುದಿಲ್ಲ.

ಎಲ್ಲೇ ಆಗಲಿ, ಡಾಲ್ಫಿನ್ ಅಥವಾ ತಿಮಿಂಗಿಲದ ಅಸ್ಥಿಪಂಜರ ನೋಡಲು ಸಿಕ್ಕರೆ ಮುಂದಿನ ಈಜುರೆಕ್ಕೆಯ ಹತ್ತಿರ ಹೋಗಿ. ಒಳಗೆ ತೋಳಿನ ಮೂಳೆ, ಬೆರಳಿನ ಮೂಳೆ ಇರುತ್ತವೆ. ಮಗು ತನ್ನ ಕೈ ಪಕ್ಕದಲ್ಲಿ ಹಿಡಿದು ಹೋಲಿಸಲಿ. ಮೀನು ಬಾಲವನ್ನು ಎಡಬಲಕ್ಕೆ ಬೀಸುತ್ತದೆ, ಡಾಲ್ಫಿನ್ ಮೇಲೆ ಕೆಳಗೆ ಬೀಸುತ್ತದೆ. ಓಡುವ ನಾಯಿಯ ಬೆನ್ನು ಹೇಗೆ ಬಾಗುತ್ತದೆ ನೋಡಿ, ಅದೇ ರೀತಿ. ಕಾರವಾರದ ಕಡಲಲ್ಲಿ ದೋಣಿಯಿಂದ ಡಾಲ್ಫಿನ್ ನೋಡಿದ ಮಕ್ಕಳು ಇದನ್ನು ತಟ್ಟನೆ ಹಿಡಿಯುತ್ತಾರೆ.

ಹಂತ 5: ಇನ್ನೊಂದು ದಿನ, ಘಟ್ಟದ ಮೇಲೆ

ಸಾಧ್ಯವಾದರೆ ಒಂದು ಭಾನುವಾರ ಘಟ್ಟ ಹತ್ತಿ. ಹೊನ್ನಾವರದಿಂದ ಜೋಗದ ಕಡೆ ಹೋಗುವ ದಾರಿಯಲ್ಲಿ, ಸಿದ್ದಾಪುರ ತಾಲೂಕಿನಲ್ಲಿ ಕತ್ತಲೆಕಾನು ಇದೆ. ಹೆಸರೇ ಹೇಳುವ ಹಾಗೆ ಹಗಲಲ್ಲೂ ನೆರಳು. ಅಲ್ಲಿ ರಾಮಪತ್ರೆ ಜಡ್ಡಿ ಇದೆ, ಅಂದರೆ ರಾಮಪತ್ರೆ ಬಳಗದ ಮರಗಳು ನಿಂತ ಸಿಹಿನೀರಿನ ಜೌಗು. ನೆಲದಿಂದ ಬೇರುಗಳು ಮೇಲೆದ್ದು, ಮೊಣಕಾಲು ಮಡಚಿದ ಹಾಗೆ ಬಾಗಿ, ಮತ್ತೆ ಕೆಸರಿಗೆ ಇಳಿದಿವೆ.

ಇಲ್ಲಿ ಒಂದೇ ಪ್ರಶ್ನೆ ಕೇಳಿ: "ಇಂಥ ಬೇರು ಎಲ್ಲಿ ನೋಡಿದ್ದೀರಿ?" ಕಾಂಡ್ಲಾ ನೋಡಿದ ಮಗು ಉತ್ತರ ಹೇಳಿಯೇ ಹೇಳುತ್ತದೆ. ಅಲ್ಲಿ ಉಪ್ಪುನೀರು, ಇಲ್ಲಿ ಸಿಹಿನೀರು. ಮರಗಳ ಬಳಗವೂ ಬೇರೆ. ಆದರೆ ಗಾಳಿ ಇಲ್ಲದ ಕೆಸರು ಎರಡೂ ಕಡೆ ಒಂದೇ, ಹಾಗಾಗಿ ಉಪಾಯವೂ ಹತ್ತಿರ ಹತ್ತಿರ ಒಂದೇ. ಜೀವವೈವಿಧ್ಯದ ಬಗ್ಗೆ ನಾನು ಕಲಿಸಿದ ಪಾಠಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಕಪ್ಪು ಹಲಗೆ ಮೇಲೆ ಇದನ್ನು ಎಷ್ಟು ಬರೆದರೂ ತಲುಪುವುದಿಲ್ಲ.

ಈ ಕಡೆಯ ಕಾಡಿನಲ್ಲಿ ಸಿಂಗಳೀಕ ಎಂಬ ಮಂಗ ಇದೆ. ಇದು ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಆಯಿತು. ಕಾಣುತ್ತದೆ ಎಂದು ಮಕ್ಕಳಿಗೆ ಮಾತು ಕೊಡಬೇಡಿ. ಅದು ಹೆಚ್ಚಾಗಿ ಮರದ ಮೇಲೇ ಇರುತ್ತದೆ.

ಎಚ್ಚರಿಕೆ ಬೇಕು. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದೇ ಒಳಗೆ ಹೋಗಿ. ಮಳೆಗಾಲದಲ್ಲಿ ಉಂಬಳ ಕಾಟ. ಚಳಿಗಾಲದಿಂದ ಬೇಸಿಗೆ ಮುಗಿಯುವ ತನಕ ಸಿದ್ದಾಪುರ, ಹೊನ್ನಾವರ ಕಡೆ ಮಂಗನ ಕಾಯಿಲೆಯ ಭಯ ಇರುತ್ತದೆ. ಅದು ಉಣ್ಣೆ, ಅಂದರೆ ಉಣುಗು, ಕಚ್ಚುವುದರಿಂದ ಬರುತ್ತದೆ. ಊರಿನ ಆರೋಗ್ಯ ಕೇಂದ್ರದಲ್ಲಿ ಕೇಳಿ, ಕಾಯಿಲೆ ಸುದ್ದಿ ಇದ್ದರೆ ಹೋಗಲೇ ಬೇಡಿ. ಹೋಗುವುದಾದರೆ ಉದ್ದ ತೋಳಿನ ಅಂಗಿ, ಪೂರ್ತಿ ಪ್ಯಾಂಟು, ಉಣ್ಣೆ ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ತಕ್ಷಣ ತಿಳಿಸಬೇಕು.

ಹಂತ 6: ಈಗ ಮೈಸೂರು

ಸೋಮವಾರ ಈ ಸಂಗ್ರಹಾಲಯಕ್ಕೆ ರಜೆ. ಮಂಗಳವಾರ ಝೂಗೆ ರಜೆ. ಎರಡನ್ನೂ ನೋಡಬೇಕಾದರೆ ಬುಧವಾರದಿಂದ ಭಾನುವಾರದ ಒಳಗೆ ಇಟ್ಟುಕೊಳ್ಳಿ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದು ಮುಚ್ಚಿದ ಗೇಟು ನೋಡಿದರೆ ಮಕ್ಕಳ ಮುಖ ಬಾಡುತ್ತದೆ. ಹೊರಡುವ ವಾರ ಒಮ್ಮೆ ಫೋನ್ ಮಾಡಿ ಸಮಯ ಖಾತ್ರಿ ಮಾಡಿಕೊಳ್ಳಿ, ಶಾಲಾ ಗುಂಪು ಬರುತ್ತಿದೆ ಎಂದೂ ಹೇಳಿ. ಮಕ್ಕಳು ಮುಟ್ಟಿ, ಮಾಡಿ ಕಲಿಯುವ ಕೇಂದ್ರ ಅಲ್ಲಿದೆ, ಅದಕ್ಕೆ ಅವಕಾಶ ಸಿಗುತ್ತದಾ ಎಂದು ಕೇಳಿ.

ಝೂಗೆ ಮೊದಲು ಇಲ್ಲಿಗೆ ಬನ್ನಿ. ಝೂ ಸುತ್ತಿದ ಕಾಲಿಗೆ ಆಮೇಲೆ ನಿಲ್ಲುವ ಶಕ್ತಿ ಇರುವುದಿಲ್ಲ. ಕನಿಷ್ಠ ಒಂದೂವರೆ ತಾಸು ಕೊಡಿ. ಹೊಟ್ಟೆ ತುಂಬಿರಲಿ. ಖಾಲಿ ಹೊಟ್ಟೆಯ ಮಗುವಿಗೆ ಯಾವ ಪ್ರದರ್ಶನವೂ ಕಾಣುವುದಿಲ್ಲ.

ಒಳಗೆ ಎಲ್ಲವನ್ನೂ ನೋಡಿಸುವ ಆಸೆ ಬಿಡಿ. ಮೊದಲ ಹದಿನೈದು ನಿಮಿಷ ಸುಮ್ನೆ ಸುತ್ತಲಿ. ಆಮೇಲೆ ಪ್ರತಿ ಮಗುವೂ ಮೂರೇ ಮೂರು ಪ್ರದರ್ಶನ ಆರಿಸಿ ಅಲ್ಲೇ ನಿಲ್ಲಲಿ. ಪ್ರತಿಯೊಂದಕ್ಕೂ ಪುಸ್ತಕದಲ್ಲಿ ಒಂದು ಪ್ರಶ್ನೆಗೆ ಉತ್ತರ ಬರೆಯಲಿ: ಇದು ಅಥವಾ ಇದರ ನೆಂಟ ನಮ್ಮ ತಾಲೂಕಿನಲ್ಲಿ ಎಲ್ಲಿದೆ? ಇಲ್ಲ ಎಂದಾದರೆ ಯಾಕಿಲ್ಲ? ಮರುಭೂಮಿಯ ಗಿಡದ ಮುಂದೆ ನಿಂತ ಮಗು ಯಾಕಿಲ್ಲ ಎಂದು ಯೋಚಿಸಿದರೆ ನಮ್ಮ ಮಳೆಯ ಬಗ್ಗೆ ಯೋಚಿಸಿದ ಹಾಗೇ ಆಯಿತು.

ಕಾಡಿನ ದೃಶ್ಯವನ್ನು ಮರುಸೃಷ್ಟಿ ಮಾಡಿದ ಕಡೆ ಹೆಚ್ಚು ಹೊತ್ತು ನಿಲ್ಲಿ. ಮುಂದೆ ಮಾದರಿ, ಹಿಂದೆ ಚಿತ್ರ, ಎರಡೂ ಸೇರುವ ಗೆರೆ ಕಾಣದ ಹಾಗೆ ಮಾಡಿರುತ್ತಾರೆ. ಆ ಗೆರೆ ಹುಡುಕಲು ಹೇಳಿ. ಹುಡುಕುವ ನೆಪದಲ್ಲಿ ಕಣ್ಣು ಮೂಲೆ ಮೂಲೆಗೆ ಹೋಗುತ್ತದೆ, ಫಲಕದಲ್ಲಿ ಬರೆಯದ ಹುಳ, ಎಲೆ, ಗೂಡು ಸಿಗುತ್ತವೆ.

"ಸರ್, ಇದು ಸತ್ತದ್ದಾ?" ಎಂದು ಖಂಡಿತ ಕೇಳುತ್ತಾರೆ. ನೇರವಾಗಿ ಉತ್ತರ ಕೊಡಿ. ಕೆಲವು ಪೂರ್ತಿ ಮಾದರಿ, ಫೈಬರಿನಲ್ಲಿ ಮಾಡಿದ್ದು. ಕೆಲವಕ್ಕೆ ಚರ್ಮ, ಗರಿ ಮಾತ್ರ ನಿಜ. ಒಳಗೆ ಚೌಕಟ್ಟು, ಕಣ್ಣು ಗಾಜಿನದು. ಇಂಥದ್ದನ್ನು ಮನೆಯಲ್ಲಿ ಮಾಡಿ ಇಟ್ಟುಕೊಳ್ಳಲು ಬಿಡುವುದಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ ಎಂದೂ ಹೇಳಿ.

ಹಂತ 7: ಫಲಕ ಓದುವುದನ್ನು ಕಲಿಸಿ

ಇದನ್ನು ಎಲ್ಲರೂ ಹಾರಿಸುತ್ತಾರೆ. ನನ್ನ ಮಟ್ಟಿಗೆ ಪ್ರದರ್ಶನದ ಅರ್ಧ ಇರುವುದೇ ಆ ಸಣ್ಣ ಚೀಟಿಯಲ್ಲಿ. ಹೆಸರು, ಸಿಕ್ಕ ಜಾಗ, ಸಿಕ್ಕ ದಿನ. ಜಾಗ ಮತ್ತು ದಿನ ಇಲ್ಲದ ಚಿಪ್ಪು ಬರೀ ಚೆಂದದ ಚಿಪ್ಪು. ಜಾಗ, ದಿನ ಇದ್ದರೆ ಅದು ಸಾಕ್ಷಿ. ಈ ಜೀವಿ ಈ ದಂಡೆಯಲ್ಲಿ ಆ ವರ್ಷ ಇತ್ತು ಎಂದು ಐವತ್ತು ವರ್ಷದ ನಂತರವೂ ಹೇಳಬಹುದು. 2016ರ ಏಪ್ರಿಲ್‌ನಲ್ಲಿ ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಬೆಂಕಿಗೆ ಸುಟ್ಟುಹೋಯಿತು. ಮೈಸೂರಿನದು ಅದರ ಅಂಗಸಂಸ್ಥೆ. ಆ ಸುದ್ದಿ ಓದಿದ ದಿನ ನನಗೆ ಸಂಕಟವಾದದ್ದು ಕಟ್ಟಡಕ್ಕಲ್ಲ. ಇಂಥ ಸಾಕ್ಷಿಗಳನ್ನು ಮತ್ತೆ ಮಾಡಲು ಬರುವುದಿಲ್ಲವಲ್ಲ, ಅದಕ್ಕೆ.

ವೈಜ್ಞಾನಿಕ ಹೆಸರಿಗೆ ಹೆದರಬೇಕಿಲ್ಲ. ಅದರಲ್ಲಿ ನಮ್ಮೂರೇ ಅಡಗಿರಬಹುದು. ಕತ್ತಲೆಕಾನಿನ ಜಡ್ಡಿಯಲ್ಲಿ ಸಿಕ್ಕ ಒಂದು ಮರ 2000ದಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ಗೇರು, ಮಾವಿನ ಬಳಗದ್ದು. ಅದರ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಅದೇ ಜಡ್ಡಿಯ ಇನ್ನೊಂದು ಮರದ ಹೆಸರು ಜಿಮ್ನಾಕ್ರಾಂತೆರಾ ಕೆನರಿಕಾ. ಕೆನರಾ ಅಂದರೆ ನಾವೇ, ಅಲ್ವಾ? ಇದನ್ನು ಬಸ್ಸಿನಲ್ಲೇ ಹೇಳಿಬಿಡಿ. ಆಮೇಲೆ ಮಕ್ಕಳು ಪ್ರತಿ ಫಲಕದಲ್ಲೂ ಊರಿನ ಹೆಸರು ಹುಡುಕುತ್ತಾರೆ.

ಹಂತ 8: ವಾಪಸ್ ಬಂದ ಮೇಲೆ ಒಂದು ಕಪಾಟು

ಪ್ರವಾಸ ಮುಗಿದ ವಾರದೊಳಗೆ ಶಾಲೆಯಲ್ಲಿ ಒಂದು ಕಪಾಟು ಖಾಲಿ ಮಾಡಿ. ಮಕ್ಕಳೇ ಸಂಗ್ರಹ ಶುರು ಮಾಡಲಿ. ಊಟದ ನಂತರ ಉಳಿದ ಬಳಚು, ನೀಲಿಕಲ್ಲಿನ ಚಿಪ್ಪು, ಬಿದ್ದ ಬೀಜ, ಕಗ್ಗ ಭತ್ತದ ತೆನೆ, ಪತ್ರಿಕೆಯ ನಡುವೆ ಒತ್ತಿ ಒಣಗಿಸಿದ ಎಲೆ. ಎಲೆಯ ಪತ್ರಿಕೆಯನ್ನು ಮೊದಲ ವಾರ ದಿನವೂ ಬದಲಿಸಬೇಕು. ನಮ್ಮ ತೇವಕ್ಕೆ ಬೂಸ್ಟು ಹಿಡಿಯುವುದು ಬೇಗ.

ಹವಳ, ಸಮುದ್ರ ಕುದುರೆ, ಆಮೆಯ ಮೊಟ್ಟೆ, ಹಕ್ಕಿ ಗೂಡು ಇವನ್ನು ತರುವಂತಿಲ್ಲ. ಚಳಿಗಾಲದಲ್ಲಿ ನಮ್ಮ ಮರಳಿಗೆ ಆಲಿವ್ ರಿಡ್ಲಿ ಆಮೆ ಮೊಟ್ಟೆ ಇಡಲು ಬರುತ್ತದೆ. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆ, ಮರಿಯಾಗಲು ಒಂದೂವರೆಯಿಂದ ಎರಡು ತಿಂಗಳು. ಮರಳು ಹೆಚ್ಚು ಬಿಸಿ ಇದ್ದರೆ ಹೆಣ್ಣು ಮರಿ ಜಾಸ್ತಿ. ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ಹೇಳಲಿ. ಕಪಾಟಿನಲ್ಲಿ ಅದರ ಚಿತ್ರ ಸಾಕು.

ಪ್ರತಿ ವಸ್ತುವಿಗೂ ಚೀಟಿ ಕಡ್ಡಾಯ. ಹೆಸರು ಮನೆಯಲ್ಲಿ ಏನೆನ್ನುತ್ತಾರೋ ಅದೇ ಇರಲಿ, ಕೊಂಕಣಿಯಾದರೂ ಸರಿ, ನಾಡವರ ಮಾತಾದರೂ ಸರಿ. ಕೆಳಗೆ ಜಾಗ, ದಿನ, ತಂದವರ ಹೆಸರು. ಚೀಟಿ ಇಲ್ಲದ್ದನ್ನು ನಾನು ಒಳಗೆ ಇಡಲು ಬಿಡುವುದಿಲ್ಲ. ನಮ್ಮ ಕಪಾಟಿನ ಎರಡನೇ ಅಂತಸ್ತಿನಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ತಂದಿಟ್ಟ ಚಿಪ್ಪು ಇದೆ. ಪಕ್ಕದಲ್ಲಿ ಅವಳ ಕೈಬರಹ: "ಬಳಚು. ಅಘನಾಶಿನಿ ದಂಡೆ, ತದಡಿ ಎದುರು. ಬೆಳಿಗ್ಗೆ ಇಳಿತದಲ್ಲಿ ಅಜ್ಜಿ ಆರಿಸಿದ್ದು. ಮಧ್ಯಾಹ್ನ ಸಾರು ಮಾಡಿದ ಮೇಲೆ ಉಳಿದದ್ದು."